ಹೊಸ ಸಿಸ್ಟರಿಗೆ ಕೊಟ್ಟ ಎಡಗೈ

ಚಿನ್ನಿ, ಗುಂಡ್ಯಾ,

ಮನೆಯಲ್ಲಿ ಕರೆಯುವ ಹೆಸರಿನಿಂದಲೇ ಕರೆದಿದ್ದೇನೆ. ಶಾಲೆಯ ಹೆಸರು ಬರೆದರೆ ಯಾರೋ ದೂರದವರಿಗೆ ಅರ್ಜಿ ಬರೆದ ಹಾಗೆ ಅನ್ನಿಸುತ್ತದೆ. ಸವದತ್ತಿ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ಅಕ್ಷರ ದುಂಡಗಿವೆ ಎಂದು ಮಾಸ್ತರರು ಹೇಳುತ್ತಿದ್ದರು. ಅದಾದ ಮೇಲೆ ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು.

ಚಿನ್ನಿ, ಹೋದ ವಾರ ನೀನು ನರ್ಸಿಂಗ್ ಕಾಲೇಜಿನಿಂದ ಬಂದಾಗ ಒಂದು ಹಾಳೆ ಹಿಡಿದು ಜೋರಾಗಿ ಓದಿದೆ. ಹೊಸದಾಗಿ ಕೆಲಸಕ್ಕೆ ಸೇರುವ ನರ್ಸಿಗೆ ಏನೇನು ಬರಬೇಕು ಎಂಬ ಪಟ್ಟಿ ಅದು. ಸಲೈನ್ ಹಚ್ಚುವುದು, ಇಂಜೆಕ್ಷನ್ ಕೊಡುವುದು, ಬಿ.ಪಿ. ನೋಡುವುದು, ಗಾಯ ಕಟ್ಟುವುದು, ಕೈ ತೊಳೆಯುವುದು. "ಕೈ ತೊಳಿಯೂದನ್ನೂ ಕಾಲೇಜಿನ್ಯಾಗ ಕಲಸ್ತಾರೇನ?" ಎಂದು ಗುಂಡ್ಯಾ ನಕ್ಕ. ನೀನು ಅದೇ ಹಾಳೆಯಿಂದ ಅವನ ತಲೆಗೆ ಹೊಡೆದೆ. ಆಮೇಲೆ ನನ್ನ ಎಡಗೈಗೆ ಬಿ.ಪಿ. ಪಟ್ಟಿ ಸುತ್ತುವಾಗ, ಮೊಣಕೈಯ ಕೆಳಗೆ ಹುರಿಯ ಹಾಗೆ ಗಟ್ಟಿಯಾದ ಒಂದು ನರ ನಿನ್ನ ಬೆರಳಿಗೆ ಸಿಕ್ಕಿತು. "ಆಯಿ, ಇದೇನ ಇದು?" ಎಂದೆ. ನಾನು "ಹಳೇದು ಬಿಡವಾ" ಎಂದು ಸೆರಗು ಎಳೆದುಕೊಂಡೆ. ಬಾಯಿಬಿಟ್ಟು ಹೇಳಲು ನನಗೆ ಮೊದಲಿನಿಂದಲೂ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದರು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಜ್ವರ ಬಂತು, ಹದಿನೈದು ದಿನ ಇತ್ತು, ಅವರನ್ನು ಕರೆದುಕೊಂಡು ಹೋಯಿತು. ನಿಮ್ಮ ಅವ್ವ ಆಗ ಮೂರನೆಯ ತರಗತಿ. ಅಜ್ಜನನ್ನು ಇಟ್ಟುಕೊಂಡು ನೋಡಿದ್ದ ಬೈಲಹೊಂಗಲದ ದವಾಖಾನೆಯಲ್ಲಿಯೇ ಮೂರು ತಿಂಗಳ ನಂತರ ನಾನು ಕೆಲಸಕ್ಕೆ ಸೇರಿದೆ. ಅದು ಒಬ್ಬ ಡಾಕ್ಟರಬಾಯಿಯವರ ಖಾಸಗಿ ದವಾಖಾನೆ, ಹತ್ತು ಹಾಸಿಗೆಯದು. ನೆಲ ಒರೆಸುವುದು, ಬೆಡ್ ಪ್ಯಾನ್ ತೊಳೆಯುವುದು, ಹೆರಿಗೆಯ ಬಟ್ಟೆ ಒಗೆಯುವುದು, ಗಾಜಿನ ಸಿರಿಂಜುಗಳನ್ನು ಕುದಿಸಿಡುವುದು ನನ್ನ ಕೆಲಸ. ನನ್ನಂಥವರನ್ನು ಅಲ್ಲಿ ಮಾವಶಿ ಎಂದು ಕರೆಯುತ್ತಿದ್ದರು. ಹದಿನೆಂಟು ವರ್ಷ ನಾನು ಅಲ್ಲಿ ಮಾವಶಿ.

ವರ್ಷಕ್ಕೆ ಒಬ್ಬರೋ ಇಬ್ಬರೋ ಹೊಸ ಸಿಸ್ಟರುಗಳು ಬರುತ್ತಿದ್ದರು. ಬಿಳಿ ಬಟ್ಟೆ, ಎಣ್ಣೆ ಹಾಕಿ ಬಿಗಿದ ಜಡೆ, ಚೀಲದಲ್ಲಿ ಸರ್ಟಿಫಿಕೇಟ್. ದೇಹದಲ್ಲಿ ಯಾವ ನರ ಎಲ್ಲಿ ಓಡುತ್ತದೆ ಎಂದು ಕೇಳಿದರೆ ಇಂಗ್ಲಿಷಿನಲ್ಲಿ ಪಟಪಟ ಹೇಳುತ್ತಿದ್ದರು. ರೋಗಿಯ ಕೈ ಹಿಡಿದರೆ ಮಾತ್ರ ತಮ್ಮ ಕೈ ನಡುಗುತ್ತಿತ್ತು. ಅವರ ಮೇಲೆ ಒಬ್ಬರು ದೊಡ್ಡ ಸಿಸ್ಟರ್ ಇದ್ದರು. ರಾಮದುರ್ಗದವರು, ಮಾತು ಕಡಿಮೆ, ಇದ್ದ ಮಾತೂ ಖಾರ. ಬಂದ ಹುಡುಗಿಗೆ ಮೊದಲ ದಿನವೇ ಹೇಳುತ್ತಿದ್ದರು. "ಪಾಸಾಗಿ ಬಂದಿಯಲ್ಲವಾ, ಛಲೋ ಆತು. ಇನ್ನ ಕಲಿಯಾಕ ಶುರು ಮಾಡು."

ಒಂದು ತಿಂಗಳು ನೋಡುವುದು ಅಲ್ಲಿಯ ಪದ್ಧತಿ. ಆ ತಿಂಗಳಲ್ಲಿ ಹಾಸಿಗೆಯ ಮೇಲಿದ್ದ ರೋಗಿಯನ್ನು ಏಳಿಸದೆಯೇ ಚಾದರ ಬದಲಿಸಲು ಬರಬೇಕು. ಹುಟ್ಟಿದ ಕೂಸಿನ ಬಾಯಿ ಒರೆಸಿ ಅಳಿಸಲು ಬರಬೇಕು. ಎಲ್ಲಕ್ಕಿಂತ ಮುಖ್ಯ, ಸಲೈನಿನ ಸೂಜಿಗೆ ಒಂದು ಇಲ್ಲವೆ ಎರಡು ಚುಚ್ಚಿನಲ್ಲಿ ನರ ಸಿಗಬೇಕು. ಮೂರನೆಯದಕ್ಕೆ ರೋಗಿಯ ಮನೆಯವರು ಗದ್ದಲ ಶುರು ಮಾಡುತ್ತಿದ್ದರು. ಇದು ಬಾರದ ಹುಡುಗಿಯರು ತಿಂಗಳ ಕೊನೆಗೆ ಚೀಲ ಹಿಡಿದು ಬಸ್ಸು ಹತ್ತುತ್ತಿದ್ದರು. ಎಷ್ಟೋ ಹುಡುಗಿಯರ ಚೀಲವನ್ನು ನಾನೇ ಬಸ್ ನಿಲ್ದಾಣದ ತನಕ ಹೊತ್ತಿದ್ದೇನೆ. ಹಾಗೆ ಹೊರುತ್ತಿದ್ದಾಗ, ಮುಂದೆ ನನ್ನ ಮಗಳೂ ಆ ಸಾಲಿನಲ್ಲಿ ನಿಲ್ಲುವಳು ಎಂದು ಎಣಿಸಿರಲಿಲ್ಲ.

ನಿಮ್ಮ ಅವ್ವ ಮೂರು ವರ್ಷದ ನರ್ಸಿಂಗ್ ಕೋರ್ಸು ಮುಗಿಸಿ ಬಂದಾಗ ಹೊಸ ಶತಮಾನ ಬಂದು ಮೂರು ನಾಲ್ಕು ವರ್ಷವಾಗಿತ್ತು. ಗಾಜಿನ ಸಿರಿಂಜು ಹೋಗಿ ಪ್ಲಾಸ್ಟಿಕ್ಕಿನವು ಬಂದಿದ್ದವು. ಡಾಕ್ಟರಬಾಯಿ ನನ್ನ ಮೇಲಿನ ಮರುಕಕ್ಕೆ "ಬರ್ಲಿ, ನೋಡೂಣು" ಎಂದರು. ಅನುಭವವಿಲ್ಲದ ಹುಡುಗಿಯನ್ನು ಬೇರೆ ಯಾರೂ ಕರೆಯುತ್ತಿರಲಿಲ್ಲ. ಕಿತ್ತೂರಿನಲ್ಲಿ ಕೇಳಿದ್ದಳು, ಸವದತ್ತಿಯಲ್ಲಿ ಕೇಳಿದ್ದಳು. ಎರಡು ಕಡೆಯೂ "ಒಂದ ವರ್ಷ ಎಲ್ಲೆರೆ ಮಾಡಿ ಬಾರವಾ" ಎಂದು ಕಳಿಸಿದ್ದರು. ಆ ಒಂದು ವರ್ಷ ಮಾಡಲು ಯಾರಾದರೂ ಮೊದಲು ಒಳಗೆ ಬಿಡಬೇಕಲ್ಲ. ಇದ್ದದ್ದು ಇದೊಂದೇ ಬಾಗಿಲು. ಇಲ್ಲಿಂದಲೂ ಕಳಿಸಿದರೆ, ಹಳ್ಳಿಯಲ್ಲಿ ಆಕೆಯ ದೊಡ್ಡಪ್ಪಂದಿರು ತಂದಿಟ್ಟಿದ್ದ ಸಂಬಂಧಕ್ಕೆ ಒಪ್ಪಿಕೊಳ್ಳುವುದೊಂದೇ ಉಳಿದಿತ್ತು. ವರ ಆಕೆಗಿಂತ ಹದಿನಾರು ವರ್ಷ ದೊಡ್ಡವನು. "ನರ್ಸಗಿರ್ಸ ಮದಿವ್ಯಾದಮ್ಯಾಲ ಬ್ಯಾಡ" ಎಂದು ಮೊದಲೇ ಹೇಳಿ ಕಳಿಸಿದ್ದ.

ಮೊದಲ ದಿನ ಬೆಳಿಗ್ಗೆ ವಾರ್ಡಿನಲ್ಲಿ ಆಕೆ ನನಗೆ, "ಮಾವಶಿ, ಇಲ್ಲೆ ನೀರ ಚೆಲ್ಲ್ಯಾವು" ಎಂದಳು. ನಾನು "ಹೂನ್ರಿ ಸಿಸ್ಟರ್" ಎಂದು ಒರೆಸಿದೆ. ನಾವೇ ಹಾಗೆ ಮಾತಾಡಿಕೊಂಡು ಬಂದಿದ್ದೆವು. ಆದರೂ ಬಗ್ಗಿದವಳಿಗೆ ಮೇಲೇಳಲು ಸ್ವಲ್ಪ ಹೊತ್ತು ಹಿಡಿಯಿತು. ಮನೆಗೆ ಬಂದ ಮೇಲೆ ಆಕೆಯೇ ನನ್ನ ಕಾಲು ಒತ್ತುತ್ತ, "ಹೂನ್ರಿ ಸಿಸ್ಟರ್" ಎಂದು ನನ್ನ ದನಿಯಲ್ಲೇ ಅಣಕಿಸಿ ನಕ್ಕಳು. ನಾನೂ ನಕ್ಕೆ. ಆ ತಿಂಗಳು ನಕ್ಕದ್ದು ಅಷ್ಟೇ ಇರಬೇಕು.

ಎರಡನೆಯ ವಾರದ ಹೊತ್ತಿಗೆ ನನಗೆ ತಿಳಿಯಿತು. ಆಕೆಗೆ ನರ ಸಿಗುತ್ತಿರಲಿಲ್ಲ. ಸೂಜಿ ಹಿಡಿದು ಚರ್ಮದ ಹತ್ತಿರ ಒಯ್ದು ನಿಲ್ಲುತ್ತಿದ್ದಳು. ದೊಡ್ಡ ಸಿಸ್ಟರ್ ಬಂದು ಕೈಯಿಂದ ಸೂಜಿ ತೆಗೆದುಕೊಂಡು ತಾವೇ ಹಚ್ಚುತ್ತಿದ್ದರು. ನಾನು ಒಂದು ಸಂಜೆ ರೊಟ್ಟಿ ಬಡಿಯುತ್ತ ಕೇಳಿದೆ.

"ಸಾಲ್ಯಾಗ ಕಲಸಿಲ್ಲೇನ ಇದನ್ನ?"

"ಕಲಸ್ಯಾರ. ಒಂದ ರಬ್ಬರಿನ ಕೈ ಇತ್ತು. ಇಡೀ ಕ್ಲಾಸಿಗೆ ಅದ ಒಂದ. ಚುಚ್ಚಿ ಚುಚ್ಚಿ ಅದ್ರಾಗ ತೂತ ಬಿದ್ದಿದ್ದವು. ಆ ತೂತಿನ್ಯಾಗ ಸೂಜಿ ಇಟ್ಟರ ಸಾಕು, ತಾನ ಹೋಗತಿತ್ತು."

"ದವಾಖಾನ್ಯಾಗ?"

ಆಕೆ ಒಲೆಯ ಕಡೆ ನೋಡುತ್ತ ಹೇಳಿದಳು. "ಅಲ್ಲೆ ಹಾಸಿಗಿ ಸುತ್ತ ಹತ್ತ ಮಂದಿ ನಿಂದರ್ತಿದ್ವಿ. ಮುಂದ ಇದ್ದಾಕಿ ಮಾಡಾಕಿ, ಹಿಂದ ಇದ್ದವ್ರು ನೋಡವ್ರು. ಎಷ್ಟ ಸಲ ಮಾಡೀರಿ ಅಂತ ಬರಿಯಾಕ ಒಂದ ಪುಸ್ತಕ ಇತ್ತು. ಎಲ್ಲಾರೂ ತುಂಬಸ್ತಿದ್ರು. ನಾನೂ ನೋಡಿದ್ದನ್ನ ಮಾಡೇನಂತ ಬರದೇನಿ ಅವ್ವಾ."

ನನಗೆ ಬೈಯಲು ಆಗಲಿಲ್ಲ. ಆಕೆ ನನ್ನ ಹಾಗೆಯೇ, ಹತ್ತು ಜನರನ್ನು ಸರಿಸಿ ಮುಂದೆ ಹೋಗಿ ನಿಲ್ಲುವ ಸ್ವಭಾವವಲ್ಲ. ಆ ಗುಣ ಎಲ್ಲಿಂದ ಬಂತು ಎಂದು ಬೇರೆ ಕೇಳಬೇಕಾಗಿರಲಿಲ್ಲ. ರೊಟ್ಟಿ ಹೊತ್ತಿತು. ಹೊತ್ತಿದ್ದನ್ನೇ ತಿಂದೆವು.

ಮೂರನೆಯ ವಾರದ ಸೋಮವಾರ ಸಂಪಗಾಂವದಿಂದ ಒಬ್ಬ ಬಸುರಿ ಹುಡುಗಿಯನ್ನು ಕರೆತಂದರು. ಹಿಂದಿನ ದಿನ ಕುಬಸ, ಅಂದರೆ ಬಸುರಿಗೆ ಹಸಿರು ಬಳೆ ತೊಡಿಸಿ ಉಡಿ ತುಂಬುವ ಶಾಸ್ತ್ರ, ಆಗಿತ್ತು. ಊಟ ಒಗ್ಗದೆ ವಾಂತಿಭೇದಿ ಹತ್ತಿಕೊಂಡಿತ್ತು. ತುಟಿ ಒಣಗಿತ್ತು, ಕಣ್ಣು ಒಳಗೆ ಹೋಗಿದ್ದವು. ಎರಡೂ ಕೈಗೆ ಮುಂಗೈಯಿಂದ ಅರ್ಧ ತೋಳಿನವರೆಗೆ ಹೊಸ ಹಸಿರು ಗಾಜಿನ ಬಳೆ. ಜೊತೆಗೆ ಅತ್ತೆ ಇದ್ದರು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ದನಿ ಎತ್ತರ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಸಲೈನ್ ಹಚ್ಚುವುದರಲ್ಲಿ ಅರ್ಧ ಕೆಲಸ ಬಳೆಯದು. ಅದರಲ್ಲೂ ಕುಬಸದ ಬಳೆಯನ್ನು ಹೆರಿಗೆಯ ತನಕ ಯಾರೂ ತೆಗೆಯುವುದಿಲ್ಲ. ಒಡೆದರೆ ಅಪಶಕುನ ಎನ್ನುತ್ತಾರೆ. ಬಳೆಗಳನ್ನು ಒಂದೊಂದಾಗಿ ಮೊಣಕೈಯ ಕಡೆ ಸರಿಸಿ, ಅವುಗಳ ಮೇಲೆ ಬ್ಯಾಂಡೇಜಿನ ಬಟ್ಟೆ ಸುತ್ತಿ ಕಟ್ಟಿದರೆ ಕೆಳಗೆ ಜಾರುವುದಿಲ್ಲ, ಒಂದಕ್ಕೊಂದು ಬಡಿದು ಒಡೆಯುವುದಿಲ್ಲ. ಮುಂಗೈ ಖಾಲಿಯಾಗುತ್ತದೆ. ಇದನ್ನು ಯಾರೂ ನನಗೆ ಕಲಿಸಲಿಲ್ಲ. ಸಲೈನ್ ಹಚ್ಚುವಾಗ ಕೈ ಹಿಡಿದು ನಿಂತು ನಿಂತು ನಾನೇ ಕಂಡುಕೊಂಡದ್ದು. ಆದರೆ ನಾನು ಯಾವತ್ತೂ ಮುತ್ತೈದೆಯ ಬಳೆ ಮುಟ್ಟುತ್ತಿರಲಿಲ್ಲ. ಗಂಡನಿಲ್ಲದವಳು. ಪಕ್ಕದ ಹಾಸಿಗೆಯವರನ್ನೋ ರೋಗಿಯ ಅಕ್ಕನನ್ನೋ ಕರೆದು, ಹಿಂದೆ ನಿಂತು ಹೇಳುತ್ತಿದ್ದೆ. "ಮ್ಯಾಲ ಸರಸ್ರಿ ಯಕ್ಕಾ, ಹಾಂ, ಈಗ ಸುತ್ರಿ." ಅವರು ಮಾಡುತ್ತಿದ್ದರು. ಸಿಸ್ಟರುಗಳಿಗೆ ಕೈ ಸಿದ್ಧವಾಗಿ ಸಿಗುತ್ತಿತ್ತು. ಅದು ಹೇಗೆ ಸಿದ್ಧವಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ.

ಆ ದಿನ ನಾನು ಒಳಗೆ ಹೋಗಲಿಲ್ಲ. ಬೆಳಿಗ್ಗೆಯೇ ನಿಮ್ಮ ಅವ್ವ, "ನೀ ಮುಂದ ನಿಂತರ ನನಗ ಕೈ ಇನ್ನಷ್ಟ ನಡಗ್ತಾವು, ಹೊರಗಿರು" ಎಂದಿದ್ದಳು. ನಾನು ಬಾಗಿಲ ಹೊರಗೆ ಒರೆಸುವ ಬಟ್ಟೆ ಹಿಡಿದು ನಿಂತಿದ್ದೆ.

ಆಕೆ ಮೊದಲು ಬಲಗೈಯ ಹಿಂಬದಿಗೆ ಚುಚ್ಚಿದಳು. ಸಿಗಲಿಲ್ಲ. ಇನ್ನೊಂದು ಸಲ. ಸಿಗಲಿಲ್ಲ. ಎಡಗೈಯ ಮಣಿಕಟ್ಟಿನ ಮೇಲೆ ನರ ಇತ್ತು, ಬಳೆ ಅಡ್ಡ.

"ಬಳಿ ತಗೀಬೇಕರಿ" ಎಂದಳು.

"ಏನಂದಿ?" ಅತ್ತೆ ಎದ್ದು ನಿಂತರು. "ಕುಬಸದ ಬಳಿ ತಗಿ ಅಂತೀಯಲ್ಲ, ನಿನಗ ಮನ್ಯಾಗ ಯಾರೂ ಹೇಳಿಲ್ಲೇನ?"

ನಿಮ್ಮ ಅವ್ವನ ಪುಸ್ತಕದಲ್ಲಿ ಸೂಜಿ ಹಾಕುವ ಮೊದಲು ಕೈಯ ಮೇಲಿನ ಒಡವೆ ತೆಗೆಯಬೇಕು ಎಂದಿತ್ತು. ಹುಡುಗಿ ಅರೆಪ್ರಜ್ಞೆಯಲ್ಲಿ ನರಳುತ್ತಿದ್ದಳು. ಒಳಗಿನ ಕೋಣೆಯಿಂದ ಡಾಕ್ಟರಬಾಯಿ, "ಸಲೈನ್ ಶುರು ಆತೇನ?" ಎಂದು ಕೂಗಿದರು. ನಿಮ್ಮ ಅವ್ವ ಗಾಬರಿಯಲ್ಲಿ ಬಳೆಗಳನ್ನೆಲ್ಲ ಒಟ್ಟಿಗೆ ಹಿಡಿದು ಮೇಲಕ್ಕೆ ಒತ್ತಿದಳು. ಚಟ್ ಎಂದಿತು. ಮೂರು ಬಳೆ ಒಡೆದವು. ಒಂದರ ಚೂರು ಹುಡುಗಿಯ ಕೈಗೆ ಹೊಕ್ಕು ಗೆರೆಯಾಗಿ ರಕ್ತ ಬಂತು.

ಆ ಅತ್ತೆ ಅಂದದ್ದನ್ನೆಲ್ಲ ಬರೆಯುವುದಿಲ್ಲ. ಗದ್ದಲಕ್ಕೆ ನಾನು ಒಳಗೆ ಓಡಿದೆ. ಅತ್ತೆ ನನ್ನ ಬೋಳು ಹಣೆ, ಬೋಳು ಕೈ ನೋಡಿ ಇನ್ನೂ ಜೋರಾದರು. "ಇವಳ್ಯಾರ ಮತ್ತ? ಇಂಥಾ ಹೊತ್ತಿನ್ಯಾಗ ಇವಳ ಮಾರಿ ಬ್ಯಾರೆ! ಸರಿ ಆಚೆ!" ನಾನು ಸರಿದೆ. ದೊಡ್ಡ ಸಿಸ್ಟರ್ ಬಂದು ಕಾಲಿನ ನರ ಹಿಡಿದು ಸಲೈನ್ ಹಚ್ಚಿದರು. ಒಡೆದ ಚೂರುಗಳನ್ನು ಆಮೇಲೆ ನಾನೇ ಬಳಿದೆ. ನನಗೆ ಇವತ್ತಿಗೂ ಕಾಡುವುದು ಆ ಅತ್ತೆಯ ಮಾತಲ್ಲ. ಬಾಗಿಲಲ್ಲಿ ನಿಂತು ಎಲ್ಲ ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲವಲ್ಲ, ಅದು. "ಒಂದೊಂದ ಸರಸು" ಎಂಬ ಎರಡು ಮಾತು. ನಾಚಿಕೆಯ ಮನುಷ್ಯರು ಯಾರಿಗೂ ಕೆಡುಕು ಮಾಡುವುದಿಲ್ಲ ಎಂದು ನಾನು ತಿಳಿದಿದ್ದೆ. ಹಾಗೇನಿಲ್ಲ.

ಡಾಕ್ಟರಬಾಯಿ ಸಂಜೆ ನನ್ನನ್ನು ಕರೆದರು. ಮಗಳನ್ನಲ್ಲ, ನನ್ನನ್ನು. "ಶನಿವಾರತನಕ ನೋಡ್ತೀನಿ ಮಾವಶಿ. ಸಲೈನ್ ಹಚ್ಚಾಕ ಬರ್ಲಿಲ್ಲಂದ್ರ ನಾ ಇಟ್ಕೊಳ್ಳಾಕ ಬರೂದಿಲ್ಲ. ನಿನ್ನ ಮಗಳು ಅಂತ ರೋಗಿ ಕೈ ಕೊಡ್ತಾರೇನ?" ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ತಲೆ ಅಲ್ಲಾಡಿಸಿದೆ.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ನಾನು ದೊಡ್ಡ ಸಿಸ್ಟರ್ ಮುಂದೆ ಹೋಗಿ ನಿಂತೆ. ಸೆರಗು ಸರಿಸಿ ಎಡಗೈ ಚಾಚಿ ತೋರಿಸಿದೆ. ಅವರು ಬುತ್ತಿ ಉಣ್ಣುತ್ತಿದ್ದವರು ನನ್ನ ಕೈ ನೋಡಿದರು, ಮುಖ ನೋಡಿದರು. ಎದ್ದು ಕೈ ತೊಳೆದು, ಕಪಾಟಿನಿಂದ ಪ್ಯಾಕ್ ಒಡೆಯದ ಸೂಜಿಗಳನ್ನು, ಸ್ಪಿರಿಟ್ಟನ್ನು, ಹತ್ತಿಯನ್ನು ಒಂದು ಟ್ರೇನಲ್ಲಿ ಇಟ್ಟರು. "ಒಂದ ಸಲ ಚುಚ್ಚಿದ ಸೂಜಿ ಮತ್ತ ಚುಚ್ಚೂದಿಲ್ಲ. ನಾ ಮುಂದ ಕುಂದರ್ತೇನಿ. ಬಾ ಅನ್ನು ಆಕಿಗೆ" ಎಂದರು.

ಬಟ್ಟೆ ಇಡುವ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕುಳಿತೆವು. ನಿಮ್ಮ ಅವ್ವ ಒಲ್ಲೆ ಎಂದಳು.

"ನಿನ್ನ ಕೈಗೆ ನಾ ಹ್ಯಾಂಗ ಚುಚ್ಚಲಿ?"

"ಮಂದಿ ಕೈಗೆ ಹ್ಯಾಂಗ ಚುಚ್ತಿ?" ಎಂದೆ. "ಇಲ್ಲೆ ಬಳಿ ಇಲ್ಲ, ಏನಿಲ್ಲ. ನರ ಎದ್ದ ಕಾಣ್ತಾವು."

ಮೊದಲ ದಿನ ಎರಡೂ ತಪ್ಪಿದವು. ಎರಡನೆಯ ದಿನ ಸೂಜಿ ನರದ ಆಚೆ ಬದಿಗೆ ಹೋಯಿತು, ಬದನೆಕಾಯಿಯ ಬಣ್ಣದ ಬಾವು ಬಂತು. ದೊಡ್ಡ ಸಿಸ್ಟರ್ ಬೈಯುತ್ತಲೇ ಇದ್ದರು. "ಕಣ್ಣಲೆ ಹುಡುಕಬ್ಯಾಡ, ಬೆರಳಲೆ ಹುಡುಕು. ಚರ್ಮ ಕೆಳಗ ಜಗ್ಗಿ ಹಿಡಿ. ನರ ಓಡಿ ಹೋಗ್ತೈತಿ, ನೀ ನಿಂದರ್ಸಬೇಕು ಅದನ್ನ. ರಕ್ತ ಕಂಡ ಕೂಡ್ಲೆ ಖುಷಿ ಆಗಿ ಮುಂದ ತಳ್ಳಬ್ಯಾಡ, ಸೂಜಿ ಮಲಗಸು." ಮೂರನೆಯ ದಿನ ಸೂಜಿಯ ಹಿಂಬದಿಯಲ್ಲಿ ರಕ್ತದ ಒಂದು ಹನಿ ಕಾಣಿಸಿತು. ಆಕೆ ಉಸಿರು ಬಿಟ್ಟಳು. ನಾನೂ ಬಿಟ್ಟೆ. ಎಷ್ಟು ಹೊತ್ತಿನಿಂದ ಹಿಡಿದಿದ್ದೆನೋ.

ಆದರೆ ಅದು ಬೋಳು ಕೈ. ವಾರ್ಡಿನಲ್ಲಿದ್ದವು ಬಳೆಯ ಕೈಗಳು. ಶುಕ್ರವಾರ ಮಧ್ಯಾಹ್ನ ನಾನು ನಿಮ್ಮ ಅವ್ವನ ಟ್ರಂಕಿನಿಂದ ಆಕೆಯ ಹಸಿರು ಬಳೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಂದಿದ್ದೆ. ಕೋಣೆಯಲ್ಲಿ ಅವನ್ನು ಬಿಚ್ಚಿದೆ. ದೊಡ್ಡ ಸಿಸ್ಟರ್ ಎದ್ದು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು, ಯಾರೂ ಒಳಗೆ ಬರಬಾರದೆಂದು. ಸೋಡಾ ಹಾಕಿ ತಿಕ್ಕಿ ತಿಕ್ಕಿ ನನ್ನ ಕೈ ದಪ್ಪವಾಗಿತ್ತು, ಬಳೆ ಹೋಗಲಿಲ್ಲ. ಮಗಳು ಸಾಬೂನು ಹಚ್ಚಿ ಒಂದೊಂದಾಗಿ ಏರಿಸಿದಳು. ಹನ್ನೆರಡು ವರ್ಷದ ನಂತರ ನನ್ನ ಕೈಯಲ್ಲಿ ಬಳೆಯ ಸದ್ದು ಬಂತು. ನಾನು ಗೋಡೆಯ ಕಡೆ ತಿರುಗಿಕೊಂಡೆ. "ಹೂಂ, ಸರಸು" ಎಂದೆ. "ಒಟ್ಟಿಗೆ ಹಿಡೀಬ್ಯಾಡ. ಒಂದ... ಮತ್ತೊಂದ... ಈಗ ಬಟ್ಟಿ ಸುತ್ತು. ಭಾಳ ಬಿಗಿ ಬ್ಯಾಡ, ರಕ್ತ ಓಡಬೇಕು." ನನ್ನ ಜೀವನದಲ್ಲಿ ಒಬ್ಬರಿಗೆ ಎದುರು ಕುಳಿತು ಕಲಿಸಿದ್ದು ಅದೊಂದೇ ಸಲ ಇರಬೇಕು. ಆಕೆ ಮುಂಗೈಗೆ ಚುಚ್ಚಿದಳು. ಒಂದೇ ಸಲಕ್ಕೆ ಸಿಕ್ಕಿತು.

ನಿಮ್ಮ ಅಜ್ಜ ಹೋದಾಗ ನನ್ನ ಬಳೆಗಳನ್ನು ಕಲ್ಲಿಗೆ ಬಡಿದು ತೆಗೆದಿದ್ದರು. ಈ ಸಲ ಮಗಳು ನೀರು ಹಾಕಿ, ಸಾಬೂನು ಹಚ್ಚಿ, ಒಂದೂ ಒಡೆಯದ ಹಾಗೆ ಬಿಡಿಸಿದಳು. ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟೆವು. ಅದರ ಬಗ್ಗೆ ನಾವು ಆಮೇಲೆ ಎಂದೂ ಮಾತಾಡಿಲ್ಲ.

ಶನಿವಾರ ಬೆಳಿಗ್ಗೆ ಸಂಪಗಾಂವದ ಹುಡುಗಿ ಇನ್ನೂ ಹಾಸಿಗೆಯಲ್ಲಿದ್ದಳು. ಭೇದಿ ನಿಂತಿತ್ತು, ಜ್ವರ ಹತ್ತಿತ್ತು. ಕಾಲಿನ ಸಲೈನ್ ಹೊರಗೆ ಹರಿದು ಪಾದ ಬಾತಿತ್ತು. ಹೊಸದಾಗಿ ಹಚ್ಚಬೇಕು. ದೊಡ್ಡ ಸಿಸ್ಟರ್ ಹೆರಿಗೆ ಕೋಣೆಯಲ್ಲಿದ್ದರು. ಡಾಕ್ಟರಬಾಯಿ ಬಾಗಿಲಲ್ಲಿ ನಿಂತು ನಿಮ್ಮ ಅವ್ವನ ಕಡೆ ನೋಡಿದರು.

ಆಕೆ ಟ್ರೇ ಹಿಡಿದು ಹೋದಳು. ಅತ್ತೆ ಸೊಸೆಯ ಕೈಯ ಮೇಲೆ ತಮ್ಮ ಕೈ ಇಟ್ಟು ಕುಳಿತರು.

"ನೀ ಬ್ಯಾಡ. ದೊಡ್ಡಾಕಿನ್ನ ಕರಿ."

"ಅವ್ರು ಹೆರಿಗ್ಯಾಗ ಅದಾರ್ರಿ. ಜ್ವರದ ಔಷಧ ಹೊತ್ತಿಗೆ ಸರಿಯಾಗಿ ಹೋಗಬೇಕು. ನಾ ಬಳಿ ಮುಟ್ಟೂದಿಲ್ಲರಿ ಅತ್ತಿಯಾರ. ನೀವ ಸರಸ್ರಿ. ನಾ ಹೇಳ್ತೀನಿ."

"ನೀ ಏನ ಹೇಳ್ತಿ ನನಗ?"

"ಒಂದೊಂದ ಮ್ಯಾಲ ತಗೊಂಡ ಹೋಗ್ರಿ. ಹಾಂ. ಈಗ ಈ ಬಟ್ಟಿ ಸುತ್ರಿ. ನಿಮ್ಮ ಕೈಲೇ ಸುತ್ರಿ."

ದನಿ ನಡುಗುತ್ತಿತ್ತು. ಕೈ ನಡುಗುತ್ತಿರಲಿಲ್ಲ. ಅತ್ತೆ ಬೈಯುತ್ತ ಬೈಯುತ್ತಲೇ ಸರಿಸಿದರು, ಸುತ್ತಿದರು. ನಿಮ್ಮ ಅವ್ವ ಕಣ್ಣು ಮುಚ್ಚಿದವಳ ಹಾಗೆ ಬೆರಳಿನಿಂದ ನರ ಹುಡುಕಿದಳು, ಚರ್ಮ ಜಗ್ಗಿ ಹಿಡಿದಳು. ಒಂದೇ ಚುಚ್ಚು. ಸಲೈನಿನ ಹನಿ ಬೀಳತೊಡಗಿತು.

"ಅವತ್ತ ಹಿಂಗ ಮಾಡಿದ್ರ ನಿಂದೇನ ಹೋಗತಿತ್ತು?" ಎಂದರು ಅತ್ತೆ.

"ಅವತ್ತ ನನಗ ಬರತಿದ್ದಿಲ್ಲರಿ."

"ಮತ್ತ ನಾಕ ದಿನದಾಗ ಯಾರ ಕಲಿಸಿದ್ರು?"

ಆಕೆ ಬಾಗಿಲ ಕಡೆ ತಿರುಗಿದಳು. "ನಮ್ಮವ್ವ" ಎಂದಳು. ವಾರ್ಡಿನಲ್ಲಿ ಆಕೆ ನನಗೆ ಹಾಗೆ ಅಂದದ್ದು ಅದೇ ಮೊದಲು. ಅತ್ತೆ ನನ್ನನ್ನು ಬಹಳ ಹೊತ್ತು ನೋಡಿದರು. ಒಳ್ಳೆಯ ಮಾತು ಬರುತ್ತದೇನೋ ಎಂದು ನಾನು ಹೆದರಿಯೇ ನಿಂತಿದ್ದೆ. "ಅಲ್ಲೆ ಬೆಡ್ ಪ್ಯಾನ್ ತುಂಬೇತಿ ನೋಡು, ಒಯ್ಯಿ" ಎಂದರು. ನಾನು ಒಯ್ದೆ.

ಡಾಕ್ಟರಬಾಯಿ ಮಗಳನ್ನು ಇಟ್ಟುಕೊಂಡರು. ಆ ಹದಿನಾರು ವರ್ಷ ದೊಡ್ಡವನ ಕಡೆಯವರಿಗೆ ಇಲ್ಲ ಎಂದು ಹೇಳಿ ಕಳಿಸಿದೆವು. ಒಂದೂವರೆ ವರ್ಷ ಅಲ್ಲಿ ಮಾಡಿ ಆಕೆ ಕಿತ್ತೂರಿಗೆ ಹೋದಳು, ಆಮೇಲೆ ರಾಮದುರ್ಗಕ್ಕೆ. ನಿಮ್ಮ ಅಪ್ಪ ಸಿಕ್ಕಿದ್ದು ಅಲ್ಲಿ. ಆ ಕಥೆ ಅವರೇ ಹೇಳಬೇಕು.

ಆಕೆ ಹೋದ ಮೇಲೂ ಹೊಸ ಸಿಸ್ಟರುಗಳು ಬರುತ್ತಲೇ ಇದ್ದರು, ಅದೇ ಜಡೆ, ಅದೇ ನಡುಕ. ಅವರಲ್ಲಿ ಇಬ್ಬರಿಗೆ ಚುಚ್ಚಿ ಕಲಿಯಲು ನನ್ನ ಎಡಗೈ ಕೊಟ್ಟೆ. ಒಬ್ಬಳು ಸಿರಸಂಗಿಯವಳು, ಚುಚ್ಚುವ ಮೊದಲು ತಾನೇ ಅಳುತ್ತಿದ್ದಳು. ಎರಡನೆಯವಳು ಬಿಟ್ಟ ಗುರುತು ನೀನು ಮುಟ್ಟಿದ ಆ ಗಟ್ಟಿ ನರ. ಅದು ಬಾತು, ಉರಿದು, ತಿಂಗಳುಗಟ್ಟಲೆ ನೋಯಿತು. ಮೂರನೆಯವಳು ಬಂದಾಗ ನಾನು ಸೆರಗು ಹೊದ್ದುಕೊಂಡೆ. ಸಾಕಾಗಿತ್ತು. ಆಕೆಯ ಚೀಲವನ್ನು ತಿಂಗಳ ಕೊನೆಗೆ ಬಸ್ ನಿಲ್ದಾಣದ ತನಕ ಹೊತ್ತೆ. ಬಸ್ಸು ಸವದತ್ತಿ ರಸ್ತೆಗೆ ತಿರುಗುವ ತನಕ ನಿಂತಿದ್ದೆ. ಅದನ್ನೂ ಬರೆಯದಿದ್ದರೆ ಇದು ನಿಜವಾಗುವುದಿಲ್ಲ.

ಚಿನ್ನಿ, ನಿನ್ನ ಪಟ್ಟಿಯಲ್ಲಿ ಬಳೆಯ ಮಾತು ಇರಲಿಲ್ಲ. ಇರಲಿ, ಪಟ್ಟಿ ಮಾಡಿದವರು ನಮ್ಮ ಕಡೆಯವರಲ್ಲ. ನಿನಗೂ ಒಂದು ಪುಸ್ತಕ ಕೊಟ್ಟಿರುತ್ತಾರೆ, ಏನೇನು ಮಾಡಿದೆ ಎಂದು ಬರೆಯಲು. ನೋಡಿದ್ದನ್ನು ನೋಡಿದೆ ಎಂದೇ ಬರೆ. ಮುಂದೆ ನಿಂತವರನ್ನು ಸ್ವಲ್ಪ ಸರಿಸು. ನಿನಗೆ ಸರಿಸಲು ಬರುತ್ತದೆ, ನಮ್ಮಿಬ್ಬರ ಹಾಗಲ್ಲ ನೀನು. ನನ್ನ ಕೈ ಮಾತ್ರ ಈಗ ಕೇಳಬೇಡ. ನರ ಒಳಗೆ ಹೋಗಿವೆ, ಬಿ.ಪಿ. ಪಟ್ಟಿ ಸುತ್ತಿಕೋ ಬೇಕಾದರೆ.

ಈ ಹಾಳೆಗಳನ್ನು ನಿಮ್ಮ ಅವ್ವನ ಟ್ರಂಕಿನಲ್ಲಿ, ಆಕೆಯ ಸರ್ಟಿಫಿಕೇಟ್ ಇರುವ ಪ್ಲಾಸ್ಟಿಕ್ ಚೀಲದೊಳಗೇ ಇಡಿರಿ. ಅದರ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಹಸಿರು ಬಳೆ ಇವೆ. ಗುಂಡ್ಯಾ, ಹುಳ ಹಿಡಿಯದ ಹಾಗೆ ಎರಡು ಬೇವಿನ ಎಲೆ ಹಾಕು. ಟ್ರಂಕು ಮುಚ್ಚುವಾಗ ನಿಧಾನ, ಬಳೆ ಗಾಜಿನವು.